ಹಾನಗಲ್ಲಿನ ಕೆಂಪು ಉಪ್ಪು

1943ರ ಬೇಸಿಗೆಯಲ್ಲಿ ನಾನು ಹಾನಗಲ್ಲಿನಲ್ಲಿದ್ದೆ. ಸರಕಾರಿ ಇಲಾಖೆಯ ನೌಕರಿ, ಹುದ್ದೆಯ ಹೆಸರು ಹೈಡ್ ಕ್ಯೂರಿಂಗ್ ಡೆಮಾನ್‌ಸ್ಟ್ರೇಟರ್. ಸತ್ತ ದನದ ಚರ್ಮವನ್ನು ಚಾಕು ತಾಗಿ ಹರಿಯದಂತೆ ಸುಲಿದು, ಕೊಳೆಯದಂತೆ ಉಪ್ಪು ಹಚ್ಚಿ ಕಾಯ್ದಿಡುವ ಬಗೆಯನ್ನು ಊರೂರಿಗೆ ಹೋಗಿ ತೋರಿಸಿಕೊಡುವುದು ಕೆಲಸ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನನ್ನ ತಿರುಗಾಟದ ಸೀಮೆ. ಜನ ನನ್ನನ್ನು ‘ತೊಗಲ ಸಾಹೇಬ’ ಎಂದು ಕರೆಯುತ್ತಿದ್ದರು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ಮಗ ತೊಗಲಿನ ನಡುವೆ ಹೋಗಿ ಕುಳಿತನಲ್ಲ ಎಂಬ ಸಂಕಟಕ್ಕೆ ನನ್ನ ತಾಯಿ ರಜೆಯಲ್ಲಿ ಬಂದಾಗಲೆಲ್ಲ ಹಿತ್ತಲಲ್ಲಿ ಸ್ನಾನ ಮಾಡಿಸಿಯೇ ಒಳಗೆ ಬಿಡುತ್ತಿದ್ದಳು. ನನಗೆ ಇಪ್ಪತ್ತಾರು ವರ್ಷ. ಓದಿದ್ದರ ಮೇಲೆ ಅಪಾರ ನಂಬಿಕೆ, ನನ್ನ ಮೇಲೆ ಅದಕ್ಕಿಂತ ತುಸು ಹೆಚ್ಚು.

ಊರ ಹೊರಗೆ ಹಂಚು ಹೊದಿಸಿದ ಒಂದು ಉದ್ದನೆಯ ಶೆಡ್ ಇತ್ತು. ಅದರಲ್ಲಿ ಎಂಟು ಅಂಕಣ, ಎಂಟು ಮನೆತನ. ತಂದ ಚರ್ಮವನ್ನು ನೆಲಕ್ಕೆ ಹಾಸಿ, ಮಾಂಸದ ಮಗ್ಗುಲಿಗೆ ಉಪ್ಪು ತಿಕ್ಕಿ, ಒಂದರ ಮೇಲೊಂದು ಒಟ್ಟಿ, ಮೂರು ವಾರದ ನಂತರ ಉಪ್ಪು ಝಾಡಿಸಿ ಸವಣೂರಿನ ವ್ಯಾಪಾರಿಗೆ ಕಳಿಸುತ್ತಿದ್ದರು. ಉಪ್ಪು ಬರುತ್ತಿದ್ದುದು ಕುಮಟೆಯ ಕಡೆಯ ಆಗರಗಳಿಂದ. ಆಗರವೆಂದರೆ ಸಮುದ್ರದ ನೀರನ್ನು ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಗದ್ದೆ. ಹಿಂದಿನ ದೀಪಾವಳಿಯ ಸುಮಾರಿಗೆ, ಯುದ್ಧದಿಂದಾಗಿ ಲಾರಿಗಳಿಗೆ ಪೆಟ್ರೋಲ್ ಸಿಗದೆ, ಘಟ್ಟ ಹತ್ತಿ ಬರುವ ಉಪ್ಪು ಅರ್ಧಕ್ಕರ್ಧ ಕಡಿಮೆಯಾಯಿತು. ಆಗ ನಾನೊಂದು ಜಾಣತನ ಮಾಡಿದೆ. ಝಾಡಿಸಿದ ಉಪ್ಪನ್ನು ಚೆಲ್ಲದೆ ಕೂಡಿಟ್ಟು ಮತ್ತೆ ಬಳಸಿರಿ ಎಂದು ಎಂಟೂ ಮನೆಯವರಿಗೆ ಹೇಳಿದೆ. “ಉಪ್ಪಿನಲ್ಲಿ ಯಾವ ಹುಳಾನೂ ಬದುಕೂದಿಲ್ಲ. ಆದರ ಒಂದು ಹನಿ ನೀರು ಶೆಡ್ಡಿನೊಳಗ ಬರಬಾರದು” ಎಂದು ಕಟ್ಟುನಿಟ್ಟು ಮಾಡಿದೆ. ನೀರು ತಾಗಿದರೆ ಚರ್ಮ ಕೊಳೆಯುತ್ತದೆ ಎಂಬುದು ನಾನು ಓದಿದ ಪಾಠ.

ಏಪ್ರಿಲ್ ತಿಂಗಳಲ್ಲಿ ಮೂರನೇ ಅಂಕಣದ ಹನ್ನೊಂದು ಚರ್ಮಗಳು ಸವಣೂರಿನಿಂದ ಮರಳಿ ಬಂದವು. ಬಿಚ್ಚಿ ನೋಡಿದರೆ ಒಳಮಗ್ಗುಲ ತುಂಬ ಕೆಂಪು ಕಲೆ. ಬೆರಳಿಂದ ಒರೆಸಿದರೆ ಲೋಳೆ ಲೋಳೆಯಾಗಿ ಅಂಟುತ್ತಿತ್ತು. ಕೆಂಪಾದ ಕಡೆ ಕೂದಲು ಕಿತ್ತು ಬರುತ್ತಿತ್ತು. ಆ ಅಂಕಣ ದುರ್ಗವ್ವನದು. ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಇಬ್ಬರ ಹೊಟ್ಟೆಗೂ ಆ ಅಂಕಣವೇ ಆಧಾರ.

ಉಳಿದ ಅಂಕಣಗಳಲ್ಲಿಯೂ ಅಲ್ಲಲ್ಲಿ ಕೆಂಪು ಕಾಣಿಸಿತ್ತು, ಆದರೆ ಇಷ್ಟಿಲ್ಲ. ಓಣಿಯ ಹಿರಿಯ ಫಕ್ಕೀರಪ್ಪ ತೀರ್ಪನ್ನು ಆಗಲೇ ಮನಸ್ಸಿನಲ್ಲಿ ಬರೆದಿದ್ದ. “ತೊಗಲು ನೆತ್ತರ ಕಾರಾಕತ್ತೇತ್ರೀ. ಆಕಿ ಕೈಗುಣ ಬರೋಬ್ಬರಿಲ್ಲ. ಗಂಡಸಿಲ್ಲದ ಮನಿ. ಸೋಮವಾರ ದೈವ ಕೂಡಿ ಆ ಅಂಕಣ ಬ್ಯಾರೆದವ್ರಿಗೆ ಕೊಡ್ತೇವಿ” ಎಂದ. ದೈವವೆಂದರೆ ಓಣಿಯ ಹಿರಿಯರ ಪಂಚಾಯತಿ. ಫಕ್ಕೀರಪ್ಪ ಕೆಟ್ಟ ಮನುಷ್ಯನಲ್ಲ. ಒಬ್ಬಳಿಂದ ಎಂಟು ಮನೆಗಳ ಮಾಲು ವಾಪಸಾದೀತೆಂಬ ಹೆದರಿಕೆ ಅವನದು. ಅಂದು ಗುರುವಾರ.

ನಾನು ನೇರವಾಗಿ ದುರ್ಗವ್ವನನ್ನೇ ಕೇಳಿದೆ. ಉಪ್ಪು ಕಡಿಮೆ ಹಾಕಿದೆಯೇನು, ರಕ್ತ ಒರೆಸದೆ ಬಿಟ್ಟೆಯೇನು ಎಂದು ಪೊಲೀಸರ ಹಾಗೆ ವಿಚಾರಣೆ ಮಾಡಿದೆ. ಆಕೆ ತಲೆ ತಗ್ಗಿಸಲಿಲ್ಲ.

“ನೀವ ಹೇಳಿದಂಗ ಮಾಡೇನ್ರಿ, ಸಾಹೇಬ್ರ. ಐದು ಸಲ ಅದ ಉಪ್ಪ ಹಾಕೇನಿ, ಒಂದು ಹಳ್ಳು ಚೆಲ್ಲಿಲ್ಲ. ಉಳದವ್ರು ನಿಮ್ಮ ಮುಂದ ಹೂಂ ಅಂತಾರ, ಹಿಂದ ಹೊಸಾ ಉಪ್ಪ ಬೆರಸ್ತಾರ.”

ಆ ಮಾತು ಹಿಡಿದು ಅಂಕಣ ಅಂಕಣಕ್ಕೂ ಹೋಗಿ, ಹಳೆಯ ಉಪ್ಪನ್ನು ಎಷ್ಟು ಸಲ ಬಳಸಿದಿರೆಂದು ಕೇಳಿದೆ. ಒಂದೆರಡು ಸಲ ಬಳಸಿದವರಲ್ಲಿ ಚುಕ್ಕೆ, ಮೂರು ಸಲ ಬಳಸಿದವರಲ್ಲಿ ಪಟ್ಟೆ, ಐದು ಸಲ ಬಳಸಿದ ದುರ್ಗವ್ವನಲ್ಲಿ ಇಡೀ ಮಗ್ಗುಲೇ ಕೆಂಪು. ನನ್ನ ಮಾತನ್ನು ಯಾರು ಎಷ್ಟು ಪಾಲಿಸಿದ್ದರೋ ಅವರ ಮಾಲು ಅಷ್ಟು ಕೆಟ್ಟಿತ್ತು.

ಮರುದಿನ ದವಾಖಾನೆಯ ಡಾಕ್ಟರರನ್ನು ಕಾಡಿಬೇಡಿ ಅವರ ಮೈಕ್ರೋಸ್ಕೋಪ್ ಇಸಿದುಕೊಂಡೆ. ಆ ಕೆಂಪು ಲೋಳೆಯನ್ನು ಉಪ್ಪುನೀರಿನ ಹನಿಯಲ್ಲಿ ಕದಡಿ ಗಾಜಿನ ಮೇಲಿಟ್ಟು ನೋಡಿದರೆ, ಕಡ್ಡಿಯಂಥ ಸಣ್ಣ ಸಣ್ಣ ಜೀವಿಗಳು. ನಾನು ‘ಯಾವ ಹುಳಾನೂ ಬದುಕೂದಿಲ್ಲ’ ಎಂದಿದ್ದ ಉಪ್ಪಿನೊಳಗೆ ಅವು ಸಂಸಾರ ಹೂಡಿದ್ದವು.

ಅವು ಎಲ್ಲಿಂದ ಬಂದಿರಬೇಕೆಂದು ದವಾಖಾನೆಯ ಬೆಂಚಿನ ಮೇಲೆ ಕುಳಿತು ಯೋಚಿಸಿದೆ. ಪುಸ್ತಕ ಕೈಗೆ ಸಿಗುವಂತಿರಲಿಲ್ಲ, ಕಲ್ಪನೆಯೇ ಗತಿ. ಮಡಿಗೆ ಬಿಟ್ಟ ಸಮುದ್ರದ ನೀರಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿರುತ್ತವೆ. ಬಿಸಿಲಿಗೆ ನೀರು ಆರಿದಂತೆ ಉಪ್ಪು ಗಟ್ಟಿಯಾಗುತ್ತದೆ, ಜೀವಿಗಳು ಸಾಯುತ್ತವೆ. ಆದರೆ ಯಾವುದೋ ಒಂದು ಹುಟ್ಟುವಾಗಲೇ ಸ್ವಲ್ಪ ಬೇರೆಯಾಗಿ ಹುಟ್ಟಿತೆನ್ನಿ. ಬೇಕೆಂದು ಆದದ್ದಲ್ಲ, ಎಲ್ಲೋ ಆದ ಸಣ್ಣ ಹೆಚ್ಚುಕಡಿಮೆ. ಅಷ್ಟು ಉಪ್ಪನ್ನು ಅದು ತಡೆದುಕೊಂಡಿತು. ಒಡಹುಟ್ಟಿದವೆಲ್ಲ ಸತ್ತ ಮಡಿಯಲ್ಲಿ ಅದೊಂದೇ ಒಡೆಯ. ಅದರ ಮಕ್ಕಳಲ್ಲಿ ಇನ್ನೂ ಹೆಚ್ಚು ತಡೆದುಕೊಂಡವು ಮುಂದಿನ ಬೇಸಿಗೆಗೆ ಉಳಿದವು. ಹೀಗೆ ಎಷ್ಟು ಸಾವಿರ ಬೇಸಿಗೆಗಳು ಕಳೆದವೋ! ಕೊನೆಗೆ ಉಪ್ಪು ಅವಕ್ಕೆ ಕಷ್ಟವಾಗಿ ಉಳಿಯದೆ ಊಟದಷ್ಟು ಸಹಜವಾಯಿತು. ಅಂಥ ನಾಲ್ಕಾರು ಜೀವಿಗಳು ಉಪ್ಪಿನ ಹರಳಿನೊಳಗೆ ಕುಳಿತು ಘಟ್ಟ ಹತ್ತಿ ಬಂದಿದ್ದವು. ಚರ್ಮದ ಮೇಲೆ ಅವಕ್ಕೆ ಬೇಕಾದ ಆಹಾರ ಸಿಕ್ಕಿತು. ಅದೇ ಉಪ್ಪನ್ನು ಮತ್ತೆ ಮತ್ತೆ ಹಾಕಿಸಿ, ಬೇರೆ ಯಾವ ಜೀವಿಯೂ ಅವಕ್ಕೆ ಅಡ್ಡ ಬರದಂತೆ ನೋಡಿಕೊಂಡವನು ನಾನು.

ಸಂಜೆಗೆ ಮುಂಚೆ ಶೆಡ್ಡಿಗೆ ಹೋಗಿ ಇದನ್ನೆಲ್ಲ ದುರ್ಗವ್ವನಿಗೆ ಹೇಳಿದೆ. ಹೇಳಬೇಕಾದದ್ದು ಆಕೆಗೇ ಮೊದಲು ಎನಿಸಿತು. ಕೈಯಲ್ಲಿದ್ದ ಉಪ್ಪನ್ನು ದಿಟ್ಟಿಸುತ್ತ ಆಕೆ ಹೇಳಿದಳು: “ಹಂಗಂದ್ರ ಛಲೋ ಜ್ವಾಳದ ತೆನಿ ಆರಿಸಿ ಬೀಜಕ್ಕ ಇಟ್ಟಂಗ, ನಾ ಇದನ್ನ ಬೀಜಕ್ಕ ಇಟ್ಟೇನಿ ಅಂದಂಗಾತು.” ಆಮೇಲೆ ಕೇಳಿದಳು: “ಉಪ್ಪಿನ್ಯಾಗ ಇರೂದು ಕಲ್ತವು ಅಂದ್ರಿ. ಕಲಿಯೂ ಮುಂದ ಏನರ ಮರತಿರಬೇಕಲ್ರಿ? ಅವು ಬರೇ ನೀರಾಗ ಇರ್ತಾವೇನು?”

ಈ ಪ್ರಶ್ನೆ ನನ್ನ ತಲೆಗೆ ಹೊಳೆದಿರಲಿಲ್ಲ. ನೀರೆಂದರೆ ಶತ್ರು ಎಂದೇ ನಾನು ನಂಬಿದ್ದೆ. ಶನಿವಾರ ಬೆಳಿಗ್ಗೆ ಆಕೆಯನ್ನೂ ದವಾಖಾನೆಗೆ ಬರಹೇಳಿದೆ. ಗಾಜಿನ ಮೇಲಿನ ಹನಿಗೆ ಅಂಚಿನಿಂದ ಸಿಹಿನೀರು ಬಿಟ್ಟೆ. ಕಡ್ಡಿಗಳು ಉಬ್ಬಿ ಗುಂಡಗಾದವು, ಒಡೆದವು, ಕೆಲವೇ ಕ್ಷಣಗಳಲ್ಲಿ ಕಣ್ಣಮುಂದೆ ಏನೂ ಉಳಿಯಲಿಲ್ಲ. ಹೊಸ ಹನಿ ಮಾಡಿ ದುರ್ಗವ್ವನಿಗೆ ನೋಡಗೊಟ್ಟೆ. ಒಂದೇ ಕಣ್ಣು ಮುಚ್ಚುವುದು ಆಕೆಗೆ ಬರಲಿಲ್ಲ, ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ನೋಡಿದಳು. “ಪಾಪ, ಹೋದವು” ಎಂದಳು. ತನ್ನ ಅನ್ನಕ್ಕೆ ಕುತ್ತು ತಂದ ಜೀವಿಗಳಿಗೂ ಪಾಪ ಎಂದ ಆಕೆಯನ್ನು ಕಂಡು ನನ್ನ ಮನಸ್ಸು ತುಂಬಿಬಂತು.

ಸೋಮವಾರ ದೈವ ಕೂಡಿತು. ಎದ್ದು ಹೇಳುವುದು ಸುಲಭವಿರಲಿಲ್ಲ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ತಪ್ಪೊಪ್ಪಿಕೊಂಡದ್ದು ಮೇಲಿನವರ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ಉಪ್ಪು ಕೆಟ್ಟಿದೆ ಎಂದಷ್ಟೇ ಹೇಳಿ ಕುಳಿತುಕೊಂಡರಾಯಿತು ಎಂದು ಒಂದು ಗಳಿಗೆ ಯೋಚಿಸಿದ್ದೂ ನಿಜ. ಆದರೆ ಆಗ ಉಪ್ಪು ಕೆಡಿಸಿದವಳು ಯಾರು ಎಂಬ ಮಾತು ಮತ್ತೆ ದುರ್ಗವ್ವನ ಹತ್ತಿರವೇ ಬಂದು ನಿಲ್ಲುತ್ತಿತ್ತು.

“ಈಕಿ ಕೈಗುಣ ಅಲ್ಲ, ನನ್ನ ಬಾಯಿಗುಣ. ನಾ ಹೇಳಿದ್ದ ತಪ್ಪು, ಈಕಿ ಅದನ್ನ ಬರೋಬ್ಬರಿ ಮಾಡ್ಯಾಳ” ಎಂದು, ಕಂಡದ್ದನ್ನೆಲ್ಲ ಬಿಡಿಸಿ ಹೇಳಿದೆ.

“ಸರಕಾರದವ್ರು ತಪ್ಪಾತು ಅಂದದ್ದನ್ನ ನಾ ಇವತ್ತ ಕೇಳಿದೆ” ಎಂದ ಫಕ್ಕೀರಪ್ಪ, ಆಮೇಲೆ ದುರ್ಗವ್ವನತ್ತ ತಿರುಗಿ, “ಅಂಕಣ ನಿಂದ ಅದ ತಂಗಿ, ನಡಿ” ಎಂದ.

ಮರುದಿನ ಎಂಟೂ ಮನೆಯವರು ಕೆರೆಯಿಂದ ನೀರು ಹೊತ್ತು ತಂದು ಶೆಡ್ಡಿನ ನೆಲ, ಗೋಡೆ, ಕಲ್ಲುಗಳನ್ನು ತೊಳೆದರು. ನಾನೂ ಕೊಡ ಹೊತ್ತೆ, ಅರ್ಧ ಮೈಮೇಲೆ ಚೆಲ್ಲಿಕೊಂಡೆ. ನೆಲ ಪೂರಾ ಒಣಗಿದ ಮೇಲೆಯೇ ಮತ್ತೆ ಕೆಲಸ ಶುರುವಾಯಿತು. ಹಳೆಯ ಉಪ್ಪನ್ನು ಗುಂಡಿ ತೋಡಿ ಹೂತೆವು. ಉಪ್ಪು ಎಷ್ಟು ಸಿಗುತ್ತದೋ ಅಷ್ಟೇ ಚರ್ಮ ಹಿಡಿಯುವುದೆಂದೂ, ಹೊಸ ಉಪ್ಪನ್ನು ಅದರೊಳಗಿನ ಜೀವಿಗಳು ಸಾಯುವಂತೆ ದೊಡ್ಡ ಹಂಚಿನಲ್ಲಿ ಹುರಿದು, ತಣಿಸಿ, ಒಂದೇ ಸಲ ಬಳಸುವುದೆಂದೂ ಗೊತ್ತುಮಾಡಿದೆವು. ಜೂನಿನಲ್ಲಿ ಮೂರನೇ ಅಂಕಣದಿಂದ ಹೋದ ಚರ್ಮಗಳಲ್ಲಿ ಒಂದೂ ಮರಳಿ ಬರಲಿಲ್ಲ. ಮೇಲಧಿಕಾರಿಗಳು ನನ್ನ ವರದಿ ಓದಿ ಖಾರವಾದ ಪತ್ರ ಬರೆದರು. ನೌಕರಿ ಕಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು.

ಮುಂದೆ ಇಪ್ಪತ್ತೊಂಬತ್ತು ವರ್ಷ ಅದೇ ಇಲಾಖೆಯಲ್ಲಿ ದುಡಿದು ನಿವೃತ್ತನಾದೆ. ಹೊಸ ಸೂಚನೆ ಕೊಟ್ಟ ಮೇಲೆ ಅದನ್ನು ಪಾಲಿಸದವರನ್ನು ಹುಡುಕಿಕೊಂಡು ಹೋಗುವುದು ನಮ್ಮ ಇಲಾಖೆಯ ರೂಢಿ. ನಾನು ಮಾತ್ರ, ಚಾಚೂ ತಪ್ಪದೆ ಪಾಲಿಸಿದವರು ಯಾರೆಂದು ಕೇಳಿ, ಮೊದಲು ಅವರ ಮನೆಗೆ ಹೋಗುತ್ತಿದ್ದೆ. ನಾನು ತಪ್ಪಿದ್ದರೆ ಅದರ ಪೆಟ್ಟು ಮೊದಲು ಬೀಳುವುದು ನನ್ನನ್ನು ನಂಬಿದವರ ಮೇಲೆಯೇ.