ಅಪ್ಪನ ಎಂಜಲು

ನಮ್ಮೂರಿನ ಗಂಡಸರು ಲಿಸಿಯಾತೆಯನ್ನು ಈಗ ‘ಜಡೆ ಲಿಸಿಯಾತೆ’ ಎಂದು ಕರೆಯುತ್ತಾರೆ. ಸಂಜೆ ಕಾವಾ ಬೇರಿನ ಪಾನಕ ಕುಡಿಯಲು ಸುತ್ತ ಕೂತಾಗ ಯಾವನಾದರೊಬ್ಬ ತನ್ನ ಗಡ್ಡ ಮುಂದೆ ಚಾಚಿ, “ಸ್ವಲ್ಪ ಹೆಣೆದುಕೊಡಪ್ಪಾ” ಅನ್ನದೆ ಲಿಸಿಯಾತೆಯ ಕೈಗೆ ಕುಡಿಯುವ ಚಿಪ್ಪು ಬರುವುದಿಲ್ಲ. ಲಿಸಿಯಾತೆ ನಕ್ಕು ಸುಮ್ಮನಾಗುತ್ತಾನೆ. ಮೊದಲಿನ ಲಿಸಿಯಾತೆಯಾಗಿದ್ದರೆ ಆ ಗಡ್ಡ ಉಳಿಯುತ್ತಿರಲಿಲ್ಲ.

ಅವನು ಹುಟ್ಟಾ ಬೇಸಾಯಗಾರ. ವವಾವು ದ್ವೀಪದ ಗುಡ್ಡದ ಇಳಿಜಾರಿನಲ್ಲಿ ಅವನು ಬೆಳೆಯುವ ಹೆಗ್ಗೆಣಸನ್ನು ಹೊರಲು ಇಬ್ಬರು ಬೇಕು. ಇಗರ್ಜಿಯಲ್ಲಿ ಅವನ ತಗ್ಗುದನಿ ಹಾಡಿಗೆ ಸೇರಿದರೆ ಬೆಂಚು ನಡುಗುತ್ತದೆ. ಮನೆಯೊಳಗೆ ಮಾತ್ರ ಅವನೂ ನಮ್ಮೆಲ್ಲ ಅಪ್ಪಂದಿರ ಹಾಗೆಯೇ, ಮಾತು ಕಡಿಮೆ, ಬಿಗುಮಾನ ಜಾಸ್ತಿ. ಮಕ್ಕಳು ಅಪ್ಪನ ಮುಂದೆ ಹಾಯುವಾಗ ಬಗ್ಗಿ ಹಾಯಬೇಕು. ಅಪ್ಪನ ತಲೆ ಮುಟ್ಟಬಾರದು, ಅದಕ್ಕಿಂತ ಎತ್ತರದಲ್ಲಿ ಇರಬಾರದು. ಅಪ್ಪ ಕಚ್ಚಿಬಿಟ್ಟದ್ದನ್ನು ತಿನ್ನಲೇಬಾರದು. ಅಮ್ಮನ ಎಂಜಲು ಅಮೃತ, ಅಪ್ಪನ ಎಂಜಲು ತಿಂದರೆ ಗಂಟಲು ಬಾತು ಹೋಗುತ್ತದೆ ಎಂದು ನಮ್ಮ ಅಜ್ಜಿಯರು ಹೆದರಿಸಿಯೇ ನಮ್ಮನ್ನು ಬೆಳೆಸಿದ್ದು. ಹೀಗಾಗಿ ಎಂಟು ವರ್ಷದ ಮಗಳು ವೀಕಾಳ ಜೊತೆ ಅವಳು ಹುಟ್ಟಿದಾಗಿನಿಂದ ಅವನು ಆಡಿದ ಮಾತನ್ನೆಲ್ಲ ಕೂಡಿಸಿದರೂ ನಮ್ಮ ಪಾದ್ರಿಯ ಒಂದು ಪ್ರಸಂಗದಷ್ಟು ಆಗಲಿಕ್ಕಿಲ್ಲ.

ಆ ವೀಕಾಳಿಗೆ ಜ್ವರ ಬಂತು. ಮೊದಲು ಗಂಟಲು ನೋವು ಬಂದು ಹೋಯಿತು. ಆಮೇಲೆ ಮಂಡಿ ಊದಿಕೊಂಡು ಹೆಜ್ಜೆ ಇಡಲಾಗಲಿಲ್ಲ. ಮಂಡಿಯದು ಇಳಿಯಿತು ಅನ್ನುವಷ್ಟರಲ್ಲಿ ಕಣಕಾಲು, ಅಲ್ಲಿಂದ ಮೊಣಕೈ. ಗುಡ್ಡದ ಮೇಲಿನ ಆಸ್ಪತ್ರೆಯವರು ಹೃದಯದ ಬಡಿತ ಕೇಳಿದವರೇ ಮನೆಗೆ ಬಿಡುವುದಿಲ್ಲ ಎಂದರು. ಹೆಂಡತಿ ಸೈನಿ ಹಸಿ ಬಾಣಂತಿ. ಇಂಥ ಹೊತ್ತಿನಲ್ಲಿ ಮುಂದೆ ನಿಲ್ಲಬೇಕಾದವಳು ಸೋದರತ್ತೆ. ಲಿಸಿಯಾತೆಯ ಅಕ್ಕ ಲೂಪೆ ಮದುವೆಯ ಚಾಪೆ ನೇಯಲು ಬೇರೆ ದ್ವೀಪಕ್ಕೆ ಹೋಗಿದ್ದಳು, ಕಡಲು ಕೆರಳಿ ದೋಣಿ ನಿಂತಿತ್ತು. ಉಳಿದವನು ಲಿಸಿಯಾತೆ.

“ಅಕ್ಕ ಬರೋವರೆಗೆ ತಾನೇ,” ಎಂದು ಅವನು ಸೈನಿಗೆ ಹೇಳಿದ. ಗೆಣಸು ನೆಡುವ ಕಾಲ, ಹೊಲ ಅರ್ಧ ಅಗೆದು ಬಿಟ್ಟಿದ್ದ. ಇಗರ್ಜಿಗೆ ಹೊರಟವನ ಹಾಗೆ ಸೊಂಟಕ್ಕೆ ಮರ್ಯಾದೆಯ ಚಾಪೆ ಸುತ್ತಿಕೊಂಡು, ಮಗಳನ್ನು ಎತ್ತಿಕೊಂಡು ಮಕ್ಕಳ ವಾರ್ಡಿಗೆ ಬಂದ. ಅಲ್ಲಿ ಇದ್ದವರೆಲ್ಲ ಹೆಂಗಸರು. ಪಕ್ಕದ ಮಂಚದಲ್ಲಿ ಕಾಲು ಸುಟ್ಟುಕೊಂಡ ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದ ಫಿಫಿತಾ ಅಜ್ಜಿಗಂತೂ ಹಬ್ಬವಾಯಿತು.

“ಬಾರಪ್ಪ ದೊಡ್ಡ ಮನುಷ್ಯ. ಆ ಚಾಪೆ ಬಿಚ್ಚಿಡು, ಇಲ್ಲಿಗೇನು ರಾಜರು ಬರಲ್ಲ. ಮಗೂಗೆ ತಲೆ ಬಾಚಿದ್ಯಾ?”

“ಬಾಚೋಕೆ ಬರಲ್ಲ ಅಜ್ಜಿ.”

“ನಾರಿನ ಹಗ್ಗ ಹೆಣೀತೀಯಲ್ಲ? ಅದೇ ಕೈ, ಅದೇ ಕೆಲಸ. ಎಳೆ ಮೂರು ಮಾಡ್ಕೊ. ಹೂಂ, ಎಳೀಬೇಡ್ವೋ, ಅದು ಹಂದಿಯಲ್ಲ!”

ಬೆವರು ಸುರಿಸಿ ಲಿಸಿಯಾತೆ ಒಂದು ಜಡೆ ಹೆಣೆದ. ಹಂದಿ ಕಟ್ಟಿದರೂ ಬಿಚ್ಚದ ಜಡೆ. ವಾರ್ಡಿನ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿಯುವ ಗೋಜಿಗೂ ಹೋಗದೆ ನಕ್ಕರು. ವೀಕಾ ಮಾತ್ರ ತಲೆ ತಗ್ಗಿಸಿ, “ಚೆನ್ನಾಗಿದೆ ಅಪ್ಪ,” ಎಂದಳು.

ಅವನು ಮಂಚದ ಪಕ್ಕ ನೆಲಕ್ಕೆ ಮಲಗುವ ಚಾಪೆ ಹಾಸಿದ. ಮಗಳು ಮೇಲೆ, ಅಪ್ಪ ಕೆಳಗೆ. ವೀಕಾ ದಿಂಬನ್ನು ತೆಗೆದು ಕಾಲ ಬಳಿ ಹಾಕಿ, ಆದಷ್ಟು ಚಪ್ಪಟೆಯಾಗಿ ಮಲಗಿದಳು. ಸೆಕೆಗೆ ಇರಬೇಕು ಎಂದುಕೊಂಡ ಆ ದಡ್ಡ.

ಊಟದ ಹೊತ್ತಿಗೆ ಕಷ್ಟ ಶುರುವಾಯಿತು. ಮನೆಯಿಂದ ಬುಟ್ಟಿ ಬರುತ್ತಿತ್ತು, ತೆಂಗಿನ ಹಾಲಿನ ಮೀನು ಸಾರು, ಬೇಯಿಸಿದ ಗೆಣಸು, ಜೀಗುಜ್ಜೆ. ಸೈನಿ ಮಕ್ಕಳಿಗೆ ತಿನ್ನಿಸುವುದನ್ನು ಅವನು ದೂರದಿಂದ ನೋಡಿದ್ದ. ಅವಳು ಮಾಡಿದಂತೆಯೇ ಮಾಡಿದ, ತಾನು ಅಪ್ಪನೆಂಬುದು ಆ ಗಾಬರಿಯಲ್ಲಿ ನೆನಪಾಗಲಿಲ್ಲ. ಚಮಚದಲ್ಲಿ ಸಾರು ತೆಗೆದು, ಊದಿ, ತಾನೊಂದು ಗುಟುಕು ಕುಡಿದು, ಬಿಸಿ ನೋಡಿ ಮಗಳ ಬಾಯಿಯ ಹತ್ತಿರ ಹಿಡಿದ. ವೀಕಾ ಚಮಚ ನೋಡಿದಳು, ಅಪ್ಪನ ಮುಖ ನೋಡಿದಳು. ತುಟಿ ಬಿಗಿದುಕೊಂಡಳು.

“ಹಸಿವಿಲ್ಲ ಅಪ್ಪ.”

ಗೆಣಸು ಬೆಂದಿದೆಯೋ ಎಂದು ಕಚ್ಚಿ ನೋಡಿ ಕೊಟ್ಟ. ಬೇಡ. ಬಾಳೆಹಣ್ಣು ಮುರಿದು ತಾನರ್ಧ ತಿಂದು ಕೊಟ್ಟ. ಬೇಡ. ಮರುದಿನವೂ ಅದೇ ಕಥೆ. ನಡುವೆ ಫಿಫಿತಾ ಅಜ್ಜಿ ಒಂದು ಬಿಸ್ಕತ್ತು ಕೊಟ್ಟಾಗ ಮಾತ್ರ ಹುಡುಗಿ ಅದನ್ನು ಇಲಿಮರಿಯಂತೆ ಕಡಿದು ತಿಂದಳು. ಲಿಸಿಯಾತೆ ನೋಡಿಯೇಬಿಟ್ಟ, ಅವನಿಗೆ ತಡೆಯಲಾಗದಷ್ಟು ನೋವಾಯಿತು.

“ನನ್ನ ಮುಖ ನೋಡಿದ್ರೆ ಊಟ ಸೇರಲ್ವೇನೋ ಅಜ್ಜಿ.”

“ನಿನ್ನ ಮುಖ ನೋಡಿದ್ರೆ ನಂಗೂ ಸೇರಲ್ಲ. ಹೋಗಿ ಸ್ನಾನ ಮಾಡ್ಕೊಂಡು ಬಾ,” ಎಂದು ಅಜ್ಜಿ ಗದರಿದಳು. ಆದರೆ ಅವಳಿಗೂ ಗಾಬರಿಯಾಗಿತ್ತು, ಒಂದು ಬಿಸ್ಕತ್ತಿನಲ್ಲಿ ಯಾವ ಮಗು ಬದುಕುತ್ತದೆ?

ಡಾಕ್ಟರು ಚಿಕ್ಕ ಪ್ರಾಯದವರು, ಸಮಾಧಾನದ ಮನುಷ್ಯ. ಮಂಚದ ಅಂಚಿನಲ್ಲಿ ಕೂತು ಹೇಳಿದರು.

“ನೋಡಿ, ಇದೆಲ್ಲಾ ಶುರುವಾಗಿದ್ದು ಗಂಟಲಿಂದ. ಅಲ್ಲಿಂದ ಕೀಲಿಗೆ ಬಂದಿದೆ, ಹೃದಯಕ್ಕೆ ಹೋಗದ ಹಾಗೆ ನೋಡ್ಕೋಬೇಕು. ಇಂಜೆಕ್ಷನ್ ಕೊಡ್ತಿದೀವಿ. ಆದ್ರೆ ಮಾತ್ರೆ ಬರೀ ಹೊಟ್ಟೆಗೆ ಕೊಡೋಕಾಗಲ್ಲ, ಕರುಳು ಸುಡುತ್ತೆ. ನಾಳೆ ಸಂಜೆಯೊಳಗೆ ಅವಳು ತಿನ್ನಲಿಲ್ಲ ಅಂದ್ರೆ ವಿಮಾನದಲ್ಲಿ ತೊಂಗಾತಾಪು ದ್ವೀಪದ ದೊಡ್ಡಾಸ್ಪತ್ರೆಗೆ ಕಳಿಸಿಬಿಡೋಣ. ಅಲ್ಲಿ ಮೂಗಿಗೆ ನಳಿಗೆ ಹಾಕಿ ಊಟ ಕೊಡ್ತಾರೆ.”

ಗಂಟಲು ಎಂಬ ಮಾತು ಬಿದ್ದದ್ದೇ ವೀಕಾಳ ಮುಖ ಬಿಳಿಚಿಕೊಂಡಿತು. ಲಿಸಿಯಾತೆ ಅದನ್ನು ಗಮನಿಸಲಿಲ್ಲ. ಅವನಿಗೆ ನಳಿಗೆಯೊಂದೇ ಕಣ್ಣ ಮುಂದಿತ್ತು. ಅಷ್ಟು ದೊಡ್ಡ ಗೆಣಸನ್ನು ಮಣ್ಣಿನಿಂದ ಗಾಯವಾಗದಂತೆ ಎತ್ತುವ ಕೈಗೆ ಒಂದು ತುತ್ತು ಮಗಳ ಬಾಯಿಗೆ ಇಡಲಾಗುತ್ತಿಲ್ಲವಲ್ಲ ಎಂದು ಅವನು ಹೊರಗೆ ಹೋಗಿ ಅತ್ತ. ಹೌದು, ಅತ್ತ. ನಮ್ಮೂರಿನ ಗಂಡಸರು ಹೆಣ ಹೂಳುವ ದಿನ ಬಿಟ್ಟು ಬೇರೆ ದಿನವೂ ಅಳುತ್ತಾರೆ.

ಮರುದಿನ ಕಡಲು ತಣ್ಣಗಾಗಿ ದೋಣಿ ಬಂತು. ಲೂಪೆ ದೋಣಿಯಿಂದ ನೇರ ಗುಡ್ಡ ಹತ್ತಿದಳು. ಕಂಕುಳಲ್ಲಿ ಚಾಪೆ, ಕೈಯಲ್ಲಿ ಗರಿಯ ಬೀಸಣಿಗೆ. ನಮ್ಮಲ್ಲಿ ಸೋದರತ್ತೆ ಎಂದರೆ ಅಪ್ಪನಿಗೂ ಅಪ್ಪ. ಅವಳು ಬಾಗಿಲಲ್ಲಿ ಕಂಡದ್ದೇ ಲಿಸಿಯಾತೆ ಕಣ್ಣು ತಗ್ಗಿಸಿ ಎದ್ದು ನಿಂತ. ಅಕ್ಕ ಇರುವ ಮಲಗುವ ಕೋಣೆಯಲ್ಲಿ ತಮ್ಮ ಇರುವಂತಿಲ್ಲ. ಆಸ್ಪತ್ರೆಯಾದರೇನು, ಮಂಚ ಇದ್ದ ಮೇಲೆ ಮಲಗುವ ಕೋಣೆಯೇ.

“ಬಂದ್ರಾ ಅಕ್ಕ.”

“ಬಂದೆನಪ್ಪ. ನೀನು ದಣಿದಿದೀಯ. ನಾನಿದೀನಿ, ಮನೆಗೆ ಹೋಗು.”

ಇಷ್ಟು ದಿನ ಈ ಮಾತಿಗಾಗಿಯೇ ಕಾದವನು ಹೊಲದ ಕಡೆ ಓಡಬೇಕಿತ್ತು. ಕಾಲು ಬರಲಿಲ್ಲ. ಅಕ್ಕನಿಗೆ ಎದುರು ಮಾತು ಆಡುವಂತೆಯೂ ಇಲ್ಲ. ವಾರ್ಡಿನ ಹೊರಗೆ, ಕಿಟಕಿಯ ಕೆಳಗಿನ ಜಗಲಿಯಲ್ಲಿ ಕುಸಿದು ಕೂತ. ಮೇಲೆ ಕಿಟಕಿಯ ಗಾಜಿನ ಪಟ್ಟಿಗಳು ತೆರೆದಿದ್ದವು, ಒಳಗಿನ ಮಾತು ಕೇಳುತ್ತಿತ್ತು.

“ಅತ್ತೆ, ನಾನು ಸಾಯ್ತೀನಾ?”

“ಯಾರೇ ಹಾಗಂದಿದ್ದು?”

“ಯಾರೂ ಅಂದಿಲ್ಲ. ಜ್ವರ ಬರೋಕೆ ಮುಂಚಿನ ಭಾನುವಾರ ಅಪ್ಪ ತಟ್ಟೇಲಿ ಅರ್ಧ ಲೂ ಬಿಟ್ಟು ಎದ್ರು. ಕೆಸುವಿನ ಎಲೆ, ಮಾಂಸ, ತೆಂಗಿನ ಹಾಲು ಎಲ್ಲಾ ಹಾಗೇ ಇತ್ತು. ವಾಸನೆ ಬರ್ತಿತ್ತು. ನಾನು… ತಿಂದ್ಬಿಟ್ಟೆ ಅತ್ತೆ. ಆಮೇಲೆ ಗಂಟಲು ನೋವು ಬಂತು. ಡಾಕ್ಟರೂ ಹೇಳಿದ್ರು, ಎಲ್ಲಾ ಗಂಟಲಿಂದಾನೇ ಅಂತ.”

“ಅಯ್ಯೋ ನನ್ನ ಕಂದ. ಅದಕ್ಕೆ ಊಟ ಬಿಟ್ಯಾ?”

“ಇಲ್ಲ. ಇಲ್ಲಿ ಅಪ್ಪ ಎಲ್ಲಾದನ್ನೂ ರುಚಿ ನೋಡಿ ಕೊಡ್ತಾರೆ. ಅವರಿಗೆ ಗೊತ್ತಾಗ್ತಿಲ್ಲ. ಬೇಡ ಅಂದ್ರೆ ಬೇಜಾರಾಗ್ತಾರೆ. ತಿಂದ್ರೆ ಇನ್ನೂ ಜಾಸ್ತಿ ಆಗುತ್ತೆ. ಅವರಿಗೆ ಹೇಳ್ಬೇಡಿ ಅತ್ತೆ, ಅವರ ಕೈಯಿಂದಾನೇ ಹೀಗಾಯ್ತು ಅಂದ್ಕೋತಾರೆ.”

ಜಗಲಿಯಲ್ಲಿ ಲಿಸಿಯಾತೆ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದ. ಬಿಸಿ ತುಪ್ಪ ನುಂಗಲೂ ಆಗದೆ ಉಗುಳಲೂ ಆಗದೆ ಆ ಪುಟ್ಟ ಜೀವ ಒಂಟಿಯಾಗಿ ಒದ್ದಾಡಿದೆ, ಅದೂ ತನ್ನ ಮನಸ್ಸು ನೋಯದಿರಲಿ ಎಂದು. ಊದಿ ಊದಿ, ಕುಡಿದು ನೋಡಿ ನೋಡಿ, ಹಸಿದ ಮಗಳ ಬಾಯಿಗೆ ಬೀಗ ಹಾಕಿದವನು ತಾನೇ.

“ಲಿಸಿಯಾತೆ,” ಎಂದು ಕಿಟಕಿಯಿಂದ ಅಕ್ಕನ ದನಿ ಬಂತು. “ನೀನಲ್ಲೇ ಇದೀಯ ಅಂತ ಗೊತ್ತು. ನಿನ್ನ ಬುಟ್ಟೀಲಿ ಏನಿದೆ?”

“ಗೆಣಸಿದೆ ಅಕ್ಕ.”

“ಒಂದು ಕಡಿ. ಕಡಿದು ಇಲ್ಲಿ ಕೊಡು.”

ಅವನು ಕಡಿದು, ಮುಖ ತಿರುಗಿಸಿಕೊಂಡೇ, ಗಾಜಿನ ಪಟ್ಟಿಗಳ ಸಂದಿಯಿಂದ ಒಳಗೆ ಕೊಟ್ಟ. ಆಮೇಲೆ ಏನಾಯಿತೆಂದು ಫಿಫಿತಾ ಅಜ್ಜಿ ಇವತ್ತಿಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಲೂಪೆ ಆ ಗೆಣಸನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ತಮ್ಮ ಕಚ್ಚಿದ ಜಾಗದಲ್ಲೇ ದೊಡ್ಡದಾಗಿ ಕಚ್ಚಿ, ಸಾವಕಾಶ ಅಗಿದು ನುಂಗಿದಳಂತೆ.

“ನೋಡ್ದ್ಯಾ? ನಿಮ್ಮಪ್ಪ ಎಲ್ಲರಿಗೂ ದೊಡ್ಡೋನು, ನನಗೆ ಮಾತ್ರ ಚಿಕ್ಕೋನು. ಅವನದು ಯಾವುದೂ ನಂಗೆ ತಗಲಲ್ಲ. ಈಗ ಇದು ಅವನ ಎಂಜಲಲ್ಲ, ನನ್ನ ಎಂಜಲು. ಅತ್ತೆ ಎಂಜಲು ತಿಂದು ಯಾರಿಗಾದ್ರೂ ಗಂಟಲು ಬಾತಿದ್ದು ಕೇಳಿದ್ಯಾ?”

“ಇಲ್ಲ.”

“ಆ ಲೂ ಬಗ್ಗೆನೂ ನಾನು ಕ್ಷಮಿಸಿದೀನಿ. ನಾನು ಕ್ಷಮಿಸಿದ ಮೇಲೆ ಮುಗೀತು. ಗಂಟಲಿನ ಹುಳಾನ ಡಾಕ್ಟರ ಸೂಜಿ ನೋಡ್ಕೊಳ್ಳುತ್ತೆ. ನೀನು ಬಾಯಿ ತೆಗಿ.”

ವೀಕಾ ಬಾಯಿ ತೆರೆದಳು. ಗೆಣಸು ಮುಗಿಯಿತು, ಸಾರು ಮುಗಿಯಿತು, ಫಿಫಿತಾ ಅಜ್ಜಿಯ ಮೊಮ್ಮಗನ ಜೀಗುಜ್ಜೆಗೂ ಕಣ್ಣು ಬಿತ್ತು. ನರ್ಸ್ ಮಾಲಿಯಾ ಓಡಿ ಹೋಗಿ ಮಾತ್ರೆ ತಂದಳು. ಮಾತ್ರೆ ಕೊಟ್ಟಾದ ಮೇಲೆ ಅವಳಿಗೆ ತನ್ನ ಕಾನೂನು ನೆನಪಾಯಿತು.

“ಒಂದು ಮಂಚಕ್ಕೆ ಒಬ್ಬರೇ ಇರ್ಬೇಕು. ಯಾರು ಇರ್ತೀರಿ?”

ಲಿಸಿಯಾತೆ ಜಗಲಿಯಿಂದ ಎದ್ದು ಸೊಂಟದ ಚಾಪೆ ಸರಿಮಾಡಿಕೊಂಡ. ಅಕ್ಕ ಬಂದ ಮೇಲೆ ಇರುವವಳು ಅವಳೇ, ಇದು ಕೇಳಬೇಕಾದ ಪ್ರಶ್ನೆಯೇ ಅಲ್ಲ.

ಲೂಪೆ ವೀಕಾಳ ಕಡೆ ತಿರುಗಿದಳು. “ಏನಮ್ಮ, ಯಾರಿರ್ಲಿ?”

“ನೀವು ಹೇಳಿದ ಹಾಗೆ ಅತ್ತೆ,” ಎಂದಿತು ಚೆನ್ನಾಗಿ ಬೆಳೆದ ಮಗು. ಆದರೆ ಅದರ ಕೈ ಆ ಹಂದಿಹಗ್ಗದ ಜಡೆಯನ್ನು ಹಿಡಿದುಕೊಂಡಿತ್ತು, ಕಣ್ಣು ಕಿಟಕಿಯ ಕಡೆಗಿತ್ತು.

ಲೂಪೆ ಒಮ್ಮೆ ಆ ಜಡೆ ನೋಡಿದಳು. ಮೂಗು ಮುರಿದಳು. ಚಾಪೆ ಸುರುಳಿ ಸುತ್ತಿದಳು.

“ಈ ಔಷಧಿ ವಾಸನೇಲಿ ನಂಗೆ ತಲೆ ಸಿಡಿಯುತ್ತೆ. ನಾನು ಹೊರಗೆ ಜಗಲೀಲಿ ಕೂರ್ತೀನಿ. ಲಿಸಿಯಾತೆ, ಒಳಗೆ ಹೋಗು. ಊಟಕ್ಕೆ ಮುಂಚೆ ಬುಟ್ಟಿ ನನ್ನ ಹತ್ರ ಬರ್ಬೇಕು, ಮರೀಬೇಡ. ನಾನು ರುಚಿ ನೋಡಿದ ಮೇಲೆ ನೀನು ಎಷ್ಟು ಕಚ್ಚಿದ್ರೂ ದೋಷ ಇಲ್ಲ.”

ಅವಳಿಗೆ ಔಷಧಿ ವಾಸನೆಯಿಂದ ತಲೆ ಸಿಡಿದದ್ದನ್ನು ಅದಕ್ಕೆ ಹಿಂದೆಯೂ ಯಾರೂ ಕಂಡಿಲ್ಲ, ಮುಂದೆಯೂ ಕಂಡಿಲ್ಲ. ವೀಕಾ ಮನೆಗೆ ಹೋಗುವವರೆಗೂ ಸೋದರತ್ತೆ ಜಗಲಿಯಲ್ಲಿ ಸುಂಕದ ಕಟ್ಟೆಯಂತೆ ಕೂತಿದ್ದಳು. ಪ್ರತಿ ಊಟದಿಂದಲೂ ಒಂದು ತುತ್ತು ಅವಳ ಬಾಯಿಗೆ ಸಂದ ಮೇಲೆ ಬುಟ್ಟಿ ಒಳಗೆ ಹೋಗುತ್ತಿತ್ತು. ಒಳಗೆ ಲಿಸಿಯಾತೆ ಊದುತ್ತಿದ್ದ, ಹೆದರದೆ ರುಚಿ ನೋಡುತ್ತಿದ್ದ, ತಿನ್ನಿಸುತ್ತಿದ್ದ.

ಹೊರಡುವ ಮುಂಚಿನ ಒಂದು ಮಧ್ಯಾಹ್ನ. ಸೆಕೆಗೆ ವಾರ್ಡು ತೂಕಡಿಸುತ್ತಿತ್ತು. ನೆಲದ ಮೇಲೆ ಕೂತು ಹಾಸಿಗೆಯ ಅಂಚಿಗೆ ತಲೆ ಆನಿಸಿದ್ದ ಲಿಸಿಯಾತೆಗೆ ಹಾಗೆಯೇ ನಿದ್ದೆ ಹತ್ತಿತು. ಎಚ್ಚರವಾದಾಗ ನೆತ್ತಿಯ ಮೇಲೆ ತಂಗಾಳಿ. ಕಣ್ಣು ಅರೆ ತೆರೆದ. ವೀಕಾ ಎದ್ದು ಕೂತು, ನೋಯುವ ಮೊಣಕೈಯನ್ನು ಇನ್ನೊಂದು ಕೈಯಿಂದ ಆಧರಿಸಿಕೊಂಡು, ಅತ್ತೆಯ ಬೀಸಣಿಗೆಯಿಂದ ಅವನ ತಲೆಯ ಮೇಲಿನ ನೊಣ ಓಡಿಸುತ್ತಿದ್ದಳು. ಬೀಸಣಿಗೆ ಒಂದು ಕೂದಲಿಗೂ ತಾಗದಂತೆ ಗೇಣು ಮೇಲೆಯೇ ಆಡುತ್ತಿತ್ತು. ನೊಣವೊಂದು ಹಟ ಹಿಡಿದು ನೆತ್ತಿಯ ಮೇಲೆ ಕೂತೇಬಿಟ್ಟಿತು. ಮಗಳ ಕೈ ಮುಂದೆ ಬಂತು, ತಡೆಯಿತು, ಹಿಂದಕ್ಕೆ ಹೋಯಿತು. ಅವಳು ಬಗ್ಗಿ, ಬಿಸಿ ಸಾರನ್ನು ಆರಿಸುವವಳ ಹಾಗೆ, ಮೆಲ್ಲಗೆ ಊದಿದಳು.

ಲಿಸಿಯಾತೆ ಕಣ್ಣು ಮುಚ್ಚಿಕೊಂಡ. ಎಚ್ಚರವಾಯಿತೆಂದು ಗೊತ್ತಾದರೆ ಅವಳು ನಿಲ್ಲಿಸಿಬಿಡುತ್ತಾಳೆ. ಅವನು ಜೋರಾಗಿ ಒಂದು ಸುಳ್ಳು ಗೊರಕೆ ಹೊಡೆದ. ಪಕ್ಕದ ಮಂಚದಿಂದ ಏನೋ ಅನ್ನಲು ಬಾಯಿ ತೆರೆದ ಫಿಫಿತಾ ಅಜ್ಜಿ, ಅವನ ಕಣ್ಣಂಚು ಒದ್ದೆಯಾದದ್ದು ನೋಡಿ ಸುಮ್ಮನಾದಳು.