ಬಿಸಿಲಿಗೆ ಟೋಪಿ ಹಾಕಿದವನು

ನನ್ನ ಹೆಂಡತಿಯ ತಮ್ಮನ ಮುಖವನ್ನು ಸೂರ್ಯ ಈವರೆಗೆ ನೋಡಿಯೇ ಇಲ್ಲ. ಇದು ನನ್ನ ಮಾತಲ್ಲ, ಅವನದೇ. ಜೀವಮಾನವಿಡೀ ತಾರಸಿಗಳ ಮೇಲೆ ದುಡಿದ ಮನುಷ್ಯ ಹೀಗೆ ಹೇಳಿದರೆ ಯಾರಾದರೂ ನಗಬೇಕು. ಆದರೆ ಅವನ ಟೋಪಿ ನೋಡಿದವರು ನಗುವುದಿಲ್ಲ. ಅದರ ನೆರಳಿನಲ್ಲಿ ಎರಡು ನಾಯಿ, ಒಂದು ಸೈಕಲ್ಲು, ಆ ಸೈಕಲ್ಲಿನ ಯಜಮಾನ ಒಟ್ಟಿಗೆ ಮಲಗಿದ್ದನ್ನು ನಾನೇ ಕಂಡಿದ್ದೇನೆ. ಗಾಳಿ ಜೋರಾದ ದಿನ ಅವನು ಜೇಬಿಗೆ ಕಲ್ಲು ತುಂಬಿಕೊಂಡು ಮೆಟ್ಟಿಲು ಹತ್ತುತ್ತಾನೆ. ಇಲ್ಲವಾದರೆ ಪಕ್ಕದ ಊರಿನ ತಾರಸಿಯಲ್ಲಿ ಇಳಿಯಬೇಕಾದೀತು.

ಹೀಗಾಗಿ ಅವನನ್ನು ಎಲ್ಲರೂ ಕರೆಯುವುದು ಟೋಪಿ ಎಂದೇ. ಹೆಸರು ಕೇಳಿದ ಹೊಸಬರು ಕೆಲಸ ಕೊಡಲು ಹಿಂದೆಮುಂದೆ ನೋಡುತ್ತಾರೆ. ಅವನು ಯಾರಿಗೂ ಟೋಪಿ ಹಾಕಿದವನಲ್ಲ, ತಾನೇ ಹಾಕಿಕೊಂಡವನು ಎಂದು ನಾನು ಜಾಮೀನು ನಿಲ್ಲಬೇಕು.

ಅವನ ಕೆಲಸ ತಾರಸಿಗೆ ಬಿಳಿ ಬಣ್ಣ ಹೊಡೆಯುವುದು. ಮೊದಲು ಗುಡಿಸಿ, ತೊಳೆದು, ಬಿರುಕುಗಳಿಗೆ ಮೆತ್ತಿ, ಆಮೇಲೆ ಉದ್ದ ಕೋಲಿನ ರೋಲರಿನಿಂದ ಒಂದರ ಮೇಲೊಂದು ಕೋಟು. ಹೊಡೆದ ಮೇಲೆ ಕೆಳಗಿನ ಕೋಣೆ ತಂಪಾಗುತ್ತದೆ, ಅದು ಸುಳ್ಳಲ್ಲ. ನಮ್ಮ ಮನೆಯಲ್ಲಂತೂ ಮಧ್ಯಾಹ್ನ ಕಂಬಳಿ ಹುಡುಕುವ ಹಾಗಾಯಿತು. ಬಣ್ಣ ಗಟ್ಟಿಯಾಗಿ ಹಿಡಿಯುವುದು ನಡುಹಗಲಿನಲ್ಲೇ ಎಂದು ಅವನ ನಂಬಿಕೆ. ಗಿರಾಕಿಗಳ ಮುಂದೆ ಅವನು ಹೇಳುವುದು ಒಂದೇ ಮಾತು: "ಬಂದ ಬಿಸಿಲನ್ನ ಬಂದ ದಾರೀಲೇ ವಾಪಸ್ ಕಳಿಸ್ತೀನಿ."

ಹೋದ ವರ್ಷ ಅವನ ಗದ್ದದ ಅಡಿಯಲ್ಲಿ ಬೇಳೆಯಷ್ಟು ದೊಡ್ಡ ಗಾಯವೊಂದು ಕಾಣಿಸಿಕೊಂಡಿತು. ಒಣಗಿ ಹಕ್ಕಳೆ ಕಟ್ಟುವುದು, ಉದುರುವುದು, ಮತ್ತೆ ರಕ್ತ ಒಸರುವುದು. ಟೋಪಿ ತಡಮಾಡದೆ ಅಪರಾಧಿಯನ್ನು ಗೊತ್ತುಮಾಡಿಬಿಟ್ಟ: ಬೀದಿ ತಿರುವಿನ ಕ್ಷೌರದಂಗಡಿಯವನು. ಅವನ ಕತ್ತಿ ಮೊಂಡು ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದ. ನಾನೂ ಸುಮ್ಮನಿರಲಿಲ್ಲ. ಆ ಅಂಗಡಿಗೆ ಹೋಗುವವರು ಮನೆಯಲ್ಲಿ ಹೇಳಿ ಹೋಗಬೇಕು ಎಂದು ನನ್ನದೊಂದು ಒಗ್ಗರಣೆ ಹಾಕಿದೆ. ನನ್ನ ತಲೆ ಹೊಸದಾಗಿ ಬಣ್ಣ ಹೊಡೆದ ತಾರಸಿಯ ಹಾಗಿರುವುದರಿಂದ ನನಗೆ ಆ ಕತ್ತಿಯ ಭಯವಿರಲಿಲ್ಲ.

ಮಾತು ಕ್ಷೌರದವನ ಕಿವಿಗೆ ಬಿತ್ತು. ಮುಂದಿನ ಸಲ ಟೋಪಿ ಬಂದು ಕೂತಾಗ ಅವನು ಸೋಪು ಹಚ್ಚುವ ಬದಲು ಗದ್ದ ಹಿಡಿದೆತ್ತಿ ಬಾಗಿಲ ಬೆಳಕಿಗೆ ತಿರುಗಿಸಿದ.

"ಅಣ್ಣ, ನನ್ನ ಕತ್ತಿ ತಾಗಿದ್ರೆ ಗೀರು ಬೀಳುತ್ತೆ. ಇದು ಗೀರಲ್ಲ. ವಾರದಲ್ಲಿ ಮಾಯಬೇಕಾದ ಗಾಯ ತಿಂಗಳಾನುಗಟ್ಟಲೆ ಮಾಯದೆ ಕೂತಿದೆ. ಚರ್ಮದ ಡಾಕ್ಟರಿಗೆ ತೋರ್ಸೋವರೆಗೂ ನಿನ್ನ ಗಡ್ಡ ಮುಟ್ಟೋದಿಲ್ಲ."

ಟೋಪಿ ಗಡ್ಡ ಬೆಳೆಸಿದ, ಆಸ್ಪತ್ರೆಗೆ ಹೋಗಲಿಲ್ಲ. ಮಳೆಗೆ ಮೊದಲು ಒಪ್ಪಿಕೊಂಡ ತಾರಸಿಗಳು ಮುಗಿಯಲಿ ಎಂದ. ಇಷ್ಟು ದೊಡ್ಡವನು ಡಾಕ್ಟರಿಗೆ ಹೆದರುತ್ತಾನೆ ಎಂದು ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಊಟಕ್ಕೆ ಬಡಿಸುತ್ತಲೇ ಹಂಗಿಸಿದಳು. ಅವನ ನಿಜವಾದ ಹೆದರಿಕೆ ಬೇರೆಯೇ ಇತ್ತು. ಕೈ ತೊಳೆಯುವಾಗ ನನಗೊಬ್ಬನಿಗೇ ಹೇಳಿದ: "ಇನ್ನು ಮೇಲೆ ಹತ್ಬೇಡ ಅಂದ್ಬಿಟ್ರೆ ಏನ್ ಮಾಡ್ಲಿ ಭಾವ? ನೆಲದ ಮೇಲೆ ನಂಗೆ ಗೊತ್ತಿರೋ ಕೆಲಸ ಊಟ ಒಂದೇ."

ಕೊನೆಗೆ ಕ್ಷೌರದವನೇ ಒಂದು ದಿನ ಅಂಗಡಿಯ ಬಾಗಿಲೆಳೆದು ಬಂದು ಅವನ ತೋಳು ಹಿಡಿದ. ತನ್ನ ಕತ್ತಿಯ ಮಾನ ಉಳಿಯಬೇಕು, ಡಾಕ್ಟರು ಹೇಳುವುದನ್ನು ತಾನೇ ಕಿವಿಯಾರೆ ಕೇಳಬೇಕು ಎಂದ. ಮೂವರೂ ಹೋದೆವು. ಅವನ ತಲೆಯ ಟೋಪಿ ಆಸ್ಪತ್ರೆಯ ಬಾಗಿಲಲ್ಲಿ ಹಿಡಿಸದೆ ಹೊರಗೇ ಉಳಿಯಿತು. ನಾವು ವಾಪಸ್ ಬರುವಷ್ಟರಲ್ಲಿ ಅರ್ಧ ಆಸ್ಪತ್ರೆ ಅದರಡಿ ನೆರಳಿಗೆ ಸೇರಿತ್ತು.

ಡಾಕ್ಟರಮ್ಮ ಭೂತಗನ್ನಡಿ ಹಿಡಿದು ಗಾಯವನ್ನು ನಿಧಾನವಾಗಿ ನೋಡಿದರು. ಬಿಸಿಲಿನಿಂದ ಆದದ್ದು ಎಂದು ಕಾಣುತ್ತದೆ, ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಟೋಪಿ ನಕ್ಕುಬಿಟ್ಟ. ತನ್ನ ಮುಖಕ್ಕೆ ಬಿಸಿಲೇ ಬೀಳುವುದಿಲ್ಲ, ಅದರಲ್ಲೂ ಗದ್ದದ ಅಡಿಗೆ ಬೀಳಬೇಕಾದರೆ ತಾನು ತಲೆಕೆಳಗಾಗಿ ನಿಲ್ಲಬೇಕು ಎಂದ. ಟೋಪಿಯ ಅಗಲವನ್ನು ಕೈ ಚಾಚಿ ತೋರಿಸಿದ. ತನ್ನ ಕೆಲಸ ಎಂಥದ್ದು ಎಂದು ಗಿರಾಕಿಗೆ ಹೇಳುವ ಹಾಗೇ ಹೇಳಿದ, ಬಂದ ಬಿಸಿಲನ್ನು ವಾಪಸ್ ಕಳಿಸುವ ಮಾತಿನ ಸಮೇತ.

"ವಾಪಸ್ ಹೋಗೋ ಬಿಸಿಲು ಎಲ್ಲಿಗೆ ಹೋಗುತ್ತೆ?" ಎಂದರು ಡಾಕ್ಟರಮ್ಮ.

"ಮೇಲಕ್ಕೆ."

"ಅಲ್ಲಿ ಯಾರಿರ್ತಾರೆ?"

ಟೋಪಿಯ ಕೈ ತಾನಾಗಿಯೇ ಗದ್ದದ ಅಡಿಗೆ ಹೋಯಿತು. ಇಷ್ಟು ವರ್ಷ ಮೇಲಿನ ಬಿಸಿಲಿಗೆ ಅವನು ಟೋಪಿ ಹಾಕಿದ್ದರೆ, ಕೆಳಗಿನ ಬಿಸಿಲು ಅವನಿಗೇ ಟೋಪಿ ಹಾಕಿತ್ತು. ಬಗ್ಗಿ ಬಣ್ಣ ಹೊಡೆದಷ್ಟೂ ಮುಖವನ್ನು ಅದರ ಬಾಯಿಗೇ ಕೊಟ್ಟಿದ್ದ. ಕ್ಷೌರದವನು ಸಣ್ಣಗೆ ಕೆಮ್ಮಿದ.

ವರದಿ ಬರುವವರೆಗೆ ಟೋಪಿ ನಮ್ಮ ಮನೆಯ ನಡುಕೋಣೆಯಲ್ಲಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಫ್ಯಾನು ನೋಡುತ್ತಾ ಕೂತಿದ್ದ. ನನ್ನ ಒಂದು ತಮಾಷೆಗೂ ನಗಲಿಲ್ಲ. ನಾನೂ ಆಮೇಲೆ ಬಾಯಿ ಮುಚ್ಚಿಕೊಂಡೆ. ನನ್ನನ್ನು ಬಲ್ಲವರಿಗೆ ಗೊತ್ತು, ಇದು ಸಣ್ಣ ಸಂಗತಿಯಲ್ಲ.

ವರದಿ ಬಂತು. ಗಾಯ ಕ್ಯಾನ್ಸರಿನ ದಾರಿ ಹಿಡಿಯಲು ಹೊರಟಿತ್ತು, ದೂರ ಹೋಗಿರಲಿಲ್ಲ. ಅದನ್ನು ಕತ್ತರಿಸಿ ತೆಗೆದು ಹೊಲಿಗೆ ಹಾಕಿದರು. ಇನ್ನೂ ತಡಮಾಡಿದ್ದರೆ ಇಷ್ಟರಲ್ಲಿ ಮುಗಿಯುತ್ತಿರಲಿಲ್ಲ ಎಂದರು. ತಾರಸಿ ಹತ್ತಬಹುದೇ ಎಂದು ಟೋಪಿ ಕೇಳಿದ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಡಾಕ್ಟರಮ್ಮನಿಗೆ ಕೇಳಿಸಿತು. ಹತ್ತಬಹುದು, ಆದರೆ ಬಿಸಿಲೇರುವ ಮುಂಚೆ ಇಳಿಯಬೇಕು, ಮತ್ತೆ ಹೊತ್ತು ಇಳಿದ ಮೇಲೆಯೇ ಹತ್ತಬೇಕು. ಕುತ್ತಿಗೆ ಗದ್ದ ಮುಚ್ಚುವಂತೆ ಬಟ್ಟೆ ಕಟ್ಟಬೇಕು. ಗದ್ದದಡಿ, ಮೂಗಿನಡಿ, ಕಿವಿಯಡಿ ಬಿಸಿಲಿನ ಕ್ರೀಮು ದಪ್ಪಗೆ ಹಚ್ಚಬೇಕು, ಬೆವರಿಗೆ ಹೋದರೆ ಮತ್ತೆ ಹಚ್ಚಬೇಕು. ಕಪ್ಪು ಚರ್ಮಕ್ಕೆ ಏನೂ ಆಗುವುದಿಲ್ಲ ಎಂಬ ಧೈರ್ಯವನ್ನೂ ಬಿಡಬೇಕು. ಮಾಯದ ಗಾಯ ಕಂಡರೆ ಕತ್ತಿಯನ್ನು ಬೈಯುತ್ತಾ ಕೂರದೆ ನೇರ ಬರಬೇಕು.

ಕೊನೆಯ ಮಾತು ಕೇಳಿ ಕ್ಷೌರದವನ ಎದೆ ಎರಡು ಅಂಗಿಯಷ್ಟು ಅಗಲವಾಯಿತು. ಟೋಪಿಯನ್ನು ಒಂದು ಬೆಳಿಗ್ಗೆಯೆಲ್ಲ ಅಂಗಡಿಯ ಬಾಗಿಲಲ್ಲಿ ಕೂರಿಸಿ, ಬಂದ ಗಿರಾಕಿಗಳಿಗೆಲ್ಲ ಕತ್ತಿಯ ತಪ್ಪಿಲ್ಲ ಎಂದು ಅವನ ಬಾಯಿಂದಲೇ ಹೇಳಿಸಿದ. ಹೊಲಿಗೆ ಮಾಯ್ದ ಮೇಲೆ ಗಡ್ಡವನ್ನು ತಾನೇ ತೆಗೆದ.

ಮೊನ್ನೆ ಬೆಳಿಗ್ಗೆ ನಮ್ಮ ತಾರಸಿಗೆ ಹೊಸ ಕೋಟು. ನಾನು ಮೇಲೆ ಹೋದಾಗ ಟೋಪಿ ನೀರಿನ ಟ್ಯಾಂಕಿಗೆ ಕನ್ನಡಿ ಆನಿಸಿಕೊಂಡು ಗದ್ದದ ಅಡಿಗೆ ಕ್ರೀಮು ಬಳಿಯುತ್ತಿದ್ದ. ಮುಖ ತಾರಸಿಗಿಂತ ಬೆಳ್ಳಗಿತ್ತು. ಇಷ್ಟು ದಿನ ತಡೆದುಕೊಂಡಿದ್ದ ನನ್ನ ಬಾಯಿ ತೆರೆದುಕೊಂಡಿತು.

"ಏನಯ್ಯಾ, ಮುಖಕ್ಕೂ ಎರಡು ಕೋಟಾ?"

"ಹೂಂ ಭಾವ. ತಾರಸಿ ಕಳಿಸಿದ್ದನ್ನ ತಾರಸಿಗೇ ವಾಪಸ್ ಕಳಿಸ್ತಿದ್ದೀನಿ."

ಅಷ್ಟು ಹೇಳಿ ಅವನು ನನ್ನ ಬೋಳುತಲೆಯನ್ನು, ಅಲ್ಲಿ ಹೊಳೆಯುತ್ತಿದ್ದ ಬಿಸಿಲನ್ನು ಒಂದು ಗಳಿಗೆ ನೋಡಿದ. ಆಮೇಲೆ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮೇಲಿನ ಬಿಸಿಲು ಕೆಳಗಿನ ಬಿಸಿಲಿನ ನಡುವೆ ಸಿಕ್ಕಿಹಾಕ್ಕೊಂಡಿರೋರು ಈಗ ನೀವೊಬ್ರೇ. ಬನ್ನಿ ಭಾವ, ಇಷ್ಟು ವರ್ಷ ಜಾಮೀನು ನಿಂತ್ರಿ, ನಿಮ್ಗೂ ಒಂದು ಟೋಪಿ ಹಾಕ್ತೀನಿ."