ರೇಡಿಯಂ ವಾಚಿನ ಅಪ್ಪಣೆ

ಅಮೆರಿಕದ ಮನ್ರೋದಲ್ಲಿ ನಮ್ಮ ಪಕ್ಕದ ಮನೆಯ ಪಂಚಾಕ್ಷರಯ್ಯ ಹುಬ್ಬಳ್ಳಿಯಲ್ಲಿ ಹನ್ನೊಂದು ವರ್ಷ ಭೌತಶಾಸ್ತ್ರ ಪಾಠ ಮಾಡಿ, ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರ್‌ಗಳು ಕೆಡುತ್ತವೆಂಬ ವೈಟೂಕೆ ಗದ್ದಲದಲ್ಲಿ ಕಂಪ್ಯೂಟರ್ ಕಲಿತು ಬಂದವರು. ಒಳ್ಳೆಯ ಮನುಷ್ಯ. ಆದರೆ ಅವರ ಜೊತೆ ಹೋಟೆಲಿಗೆ ಹೋದರೆ ನನಗೆ ತಲೆ ಕೆಡುತ್ತಿತ್ತು. ದೋಸೆಯೋ ಇಡ್ಲಿಯೋ ಎಂದು ತೀರ್ಮಾನಿಸಲೂ ಅವರಿಗೆ ಯಂತ್ರ ಬೇಕು.

ಯಂತ್ರವೆಂದರೆ ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕ, ವಿಕಿರಣ ತಾಗಿದಾಗಲೆಲ್ಲ ಟಿಕ್ ಎನ್ನುವ ಗೈಗರ್ ಕೌಂಟರ್. ಅದರ ಮುಂದೆ ತಮ್ಮ ತಂದೆಯ, ಕತ್ತಲಲ್ಲಿ ಹೊಳೆಯುವ ರೇಡಿಯಂ ವಾಚ್ ಇಟ್ಟು ಹತ್ತು ಸೆಕೆಂಡಿನ ಟಿಕ್ ಟಿಕ್ ಎಣಿಸುವುದು. ಬೆಸ ಬಂದರೆ ಹೌದು, ಸಮ ಬಂದರೆ ಇಲ್ಲ.

“ನಮ್ಮ ತಲಿಯೊಳಗಿಂದೆಲ್ಲಾ ಅಪ್ಪ, ಮಾಸ್ತರು, ಮ್ಯಾನೇಜರು ಬರದಿಟ್ಟ ಪ್ರೋಗ್ರಾಮ್ ರೀ. ರೇಡಿಯಂ ಅಣು ಯಾವಾಗ ಒಡೀತೈತಿ ಅಂತ ಮೊದಲ ಹೇಳಾಕ ಯಾರಿಗೂ ಆಗೂದಿಲ್ಲ. ಸ್ವಾತಂತ್ರ್ಯ ಇದ್ರ ಅದಕ್ಕ ಐತಿ,” ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ವಸಂತದಲ್ಲಿ ಅವರ ಕಂಪನಿ ದೂರದ ಕ್ಯಾಲಿಫೋರ್ನಿಯಾ ಆಫೀಸಿಗೆ ವರ್ಗವಾಗಿ ಹೋಗುತ್ತೀರಾ, ಸೋಮವಾರದೊಳಗೆ ಹೇಳಿ ಎಂದಿತು. ಅವರ ಹೆಂಡತಿ ಶಿವಗಂಗಮ್ಮನಿಗೆ ನಾಲ್ಕು ವರ್ಷ ಮನೆಯಲ್ಲೇ ಕೂತ ಮೇಲೆ ಆಗಷ್ಟೇ ಊರಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತ್ತು. ಅದಕ್ಕಾಗಿ ಹಠ ಹಿಡಿದು ಡ್ರೈವಿಂಗ್ ಕಲಿತಿದ್ದರು.

ಭಾನುವಾರ ನಾನು ಕಾಫಿಗೆ ಹೋದಾಗ ಯಂತ್ರ ಮೇಜಿನ ಮೇಲಿತ್ತು. ಶಿವಗಂಗಮ್ಮ ಪಕ್ಕದಲ್ಲಿ ನಿಂತಿದ್ದರು. ಪಂಚಾಕ್ಷರಯ್ಯ ಎಣಿಸಿದರು: ಹದಿನೇಳು. ಅಂದರೆ ಹೋಗಬೇಕು. ಅವರ ಮುಖ ಇಳಿಯಿತು.

“ವಾಚ್ ಸ್ವಲ್ಪ ಸರದಿತ್ತು,” ಎಂದು ಇನ್ನೊಮ್ಮೆ ಎಣಿಸಿದರು. ಇಪ್ಪತ್ತಮೂರು. ಯಂತ್ರದ ಬ್ಯಾಟರಿ ಹಳೆಯದೆಂದು ಹೊಸದು ಹಾಕಿದರು. ಹತ್ತೊಂಬತ್ತು.

ಶಿವಗಂಗಮ್ಮ ಫಕ್ಕನೆ ನಕ್ಕುಬಿಟ್ಟರು. “ನಮ್ಮವ್ವ ಗುಡ್ಯಾಗ ಹಿಂಗ ಮಾಡ್ತಿದ್ಲು. ದೇವರ ಮ್ಯಾಲಿನ ಹೂವು ಬಲಕ್ಕ ಬಿದ್ರ ಅಪ್ಪಣೆ ಆತು ಅಂತಿದ್ಲು. ಎಡಕ್ಕ ಬಿದ್ರ, ಹೂವು ಬಾಡ್ಯಾವು, ಬ್ಯಾರೆ ತರ್ರಿ ಅಂತಿದ್ಲು!”

ನಗುವಿನ ಭರದಲ್ಲಿ ನನ್ನ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಪಂಚಾಕ್ಷರಯ್ಯ ಮಾತ್ರ ನಗಲಿಲ್ಲ. ಪಾಪ ಎನಿಸಿತು.

“ನನ್ನ ಮದುವಿ ಆಗೂ ಮುಂದ ಎಷ್ಟು ಟಿಕ್ ಎಣಿಸಿದ್ರಿ?” ಶಿವಗಂಗಮ್ಮ ಮೆಲ್ಲಗೆ ಕೇಳಿದರು.

“ಆಗ ಯಂತ್ರ ಎಲ್ಲಿತ್ತು? ನಾನ ಹೂಂ ಅಂದೆ.”

“ಹಂಗಾರ ಈಗೂ ನೀವ ಹೇಳ್ರಿ.”

ಪಂಚಾಕ್ಷರಯ್ಯ ವಾಚನ್ನು ಎತ್ತಿ ಕೈಗೆ ಕಟ್ಟಿಕೊಂಡರು. “ನಿನ್ನ ಲೈಬ್ರರಿ ಬಿಡಿಸಿ ನಾ ಎಲ್ಲಿಗೂ ಹೋಗೂದಿಲ್ಲ,” ಎಂದರು. ಮರುಗಳಿಗೆಯೇ ಗಾಬರಿಯಾದರು. “ಮ್ಯಾನೇಜರ್‌ಗೆ ಏನಂತ ಹೇಳ್ಲಿ?”

ಶಿವಗಂಗಮ್ಮ ಕಣ್ಣೊರೆಸಿಕೊಂಡು ಯಂತ್ರವನ್ನು ಆಫ್ ಮಾಡಿದರು.

“ಸಮ ಬಂತು ಅಂತ ಹೇಳ್ರಿ.”